ಅಂಗಡಿಯಲ್ಲಿ ದಿನವಿಡೀ ಕೂತು ಕೆಲಸ. ಹೆಜ್ಜೆ ಎಣಿಸುವ ಆ್ಯಪ್‌ನಿಂದ ನಡಿಗೆ ನಿಜಕ್ಕೂ ಹೆಚ್ಚುತ್ತಾ?

ಹೆಚ್ಚುತ್ತದೆ, ಗುರಿ ನಿಮ್ಮ ಈಗಿನ ನಡಿಗೆಗೆ ತಕ್ಕಂತಿದ್ದರೆ. ಎಷ್ಟು ನಡೆದೆವೆಂಬ ನಮ್ಮ ಅಂದಾಜು ಬಹಳ ಸಲ ತಪ್ಪಿರುತ್ತದೆ. ಸಂಜೆ ಐದಕ್ಕೆ ಫೋನಿನಲ್ಲಿ 2,800 ಎಂದು ಕಂಡರೆ, ಇನ್ನೂ ಹೊತ್ತಿರುವಾಗಲೇ ಕೊರತೆ ಗೊತ್ತಾಗುತ್ತದೆ. ಆ್ಯಪ್‌ನ ಮುಖ್ಯ ಉಪಯೋಗವೇ ಅದು.

ಮೊದಲ ವಾರ ಏನೂ ಬದಲಿಸದೆ ಸರಾಸರಿ ನೋಡಿ. ಅದಕ್ಕೆ 1,000 ಹೆಜ್ಜೆ ಸೇರಿಸಿ: ಸುಮಾರು ಹತ್ತು ನಿಮಿಷ, ದಾವಣಗೆರೆಯವರಿಗೆ ಕುಂದವಾಡ ಕೆರೆ ಬಳಿ ಸಲೀಸು. ಎರಡು ವಾರಕ್ಕೊಮ್ಮೆ ಏರಿಸಿ. ದಿನಕ್ಕೆ 10,000 ಹೆಜ್ಜೆ ಎಂದು ಎಲ್ಲರೂ ಹೇಳುವ ಗುರಿ 1960ರ ದಶಕದ ಜಪಾನಿನ ಹೆಜ್ಜೆ ಎಣಿಸುವ ಯಂತ್ರದ ಮಾರಾಟದಿಂದ ಬಂದದ್ದು. ಮೊದಲ ದಿನವೇ ಅದನ್ನಿಟ್ಟುಕೊಂಡು ಬೇಸತ್ತು ಆ್ಯಪ್ ಅಳಿಸಬೇಡಿ.

ಫೋನ್ ಗಲ್ಲಾಪೆಟ್ಟಿಗೆ ಮೇಲಿದ್ದರೆ ಎಣಿಕೆಯಾಗದು, ಜೇಬಿನಲ್ಲಿರಲಿ. ಬ್ಯಾಟರಿ ಸೇವರ್‌ನಿಂದಲೂ ಕೆಲವು ಫೋನ್‌ಗಳಲ್ಲಿ ಲೆಕ್ಕ ನಿಲ್ಲುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಈ ಆ್ಯಪ್‌ಗೆ ವಿನಾಯಿತಿ ಕೊಡಿ.