ಚೆಸ್ಟರ್ ಇಲ್ಲದ ಲಿಂಕಿನ್ ಪಾರ್ಕ್ ಕೇಳಬಹುದಾ?

ಚೆಸ್ಟರ್ ಇಲ್ಲದ ಲಿಂಕಿನ್ ಪಾರ್ಕ್ ಕೇಳಬಹುದಾ ಅನ್ನುವ ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಏಳು ವರ್ಷ ಬಿಟ್ಟು ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ತಂದ 'ಫ್ರಮ್ ಝೀರೋ' ಆಲ್ಬಮ್ ಹೇಗಿದೆ ಅನ್ನುವುದು ಒಂದು. ತೀರಿಕೊಂಡ ಹಾಡುಗಾರ ಚೆಸ್ಟರ್ ಬೆನಿಂಗ್ಟನ್ ಇಲ್ಲದೆ ಅದನ್ನು ಲಿಂಕಿನ್ ಪಾರ್ಕ್ ಅನ್ನಬಹುದಾ ಅನ್ನುವುದು ಇನ್ನೊಂದು. ಆಲ್ಬಮ್ ಚೆನ್ನಾಗಿದೆ, ಚಿಕ್ಕದು, ಕೆಲವು ಕಡೆ ಜಾಸ್ತಿ ಹುಷಾರಾಗಿ ಮಾಡಿದ್ದಾರೆ. ಮತ್ತೆ, ಹೌದು, ಅದು ಲಿಂಕಿನ್ ಪಾರ್ಕೇ. ಚೆಸ್ಟರ್ ಇದ್ದಾಗ ಬಂದ ಕೊನೆಯ ಆಲ್ಬಮ್‌ಗಿಂತಲೂ ಇದೇ ಹೆಚ್ಚು ಲಿಂಕಿನ್ ಪಾರ್ಕ್ ಅಂತ ನನಗೆ ಅನಿಸುತ್ತದೆ. ಬೈಯುವವರು ಪೂರ್ತಿ ಓದಿ ಬೈಯಿರಿ.

ನಾನು ಕಲಬುರಗಿಯವನು. ಇಲ್ಲಿ ರಾಕ್ ಕೇಳುವವರು ಕಡಿಮೆ, ಬ್ಯಾಂಡ್ ಬಂದು ನುಡಿಸುವುದಂತೂ ದೂರದ ಮಾತು. ಆದರೂ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸುವ ಕಾಲದಲ್ಲಿ, ಹಿಂದಿ ಹಾಡು, ಖವ್ವಾಲಿ, ಭಜನೆ ಎಲ್ಲದರ ಕೆಳಗೆ 'ಇಂಗ್ಲಿಷ್' ಅಂತ ಒಂದು ಫೋಲ್ಡರ್ ಇರುತ್ತಿತ್ತು, ಅದರಲ್ಲಿ ಬೇರೆ ಏನಿಲ್ಲದಿದ್ದರೂ ಲಿಂಕಿನ್ ಪಾರ್ಕ್‌ನ 'ನಂಬ್' ಮತ್ತು 'ಇನ್ ದಿ ಎಂಡ್' ಇದ್ದೇ ಇರುತ್ತಿದ್ದವು. ಅರ್ಥ ಆಗದಿದ್ದರೂ ಕೇಳಿದೆವು. ಆ ದನಿಯಲ್ಲಿದ್ದ ಸಂಕಟಕ್ಕೆ ಡಿಕ್ಷನರಿ ಬೇಕಿರಲಿಲ್ಲ.

2017ರ ಮೇ ತಿಂಗಳಲ್ಲಿ ಚೆಸ್ಟರ್ ಇದ್ದ ಆ ಕೊನೆಯ ಆಲ್ಬಮ್ 'ಒನ್ ಮೋರ್ ಲೈಟ್' ಬಂತು. ಜುಲೈ 20ಕ್ಕೆ ಚೆಸ್ಟರ್ ತೀರಿಕೊಂಡರು, ವಯಸ್ಸು 41. ಆ ವರ್ಷ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಅವರ ನೆನಪಿಗೆ ಕಾರ್ಯಕ್ರಮ ಮಾಡಿದರು. 'ನಂಬ್' ಬಂದಾಗ ಮೈಕ್ ಮುಂದೆ ಯಾರೂ ನಿಲ್ಲಲಿಲ್ಲ, ಜನರೇ ಹಾಡಿದರು. ಅದಾದ ಮೇಲೆ ಬ್ಯಾಂಡ್ ಸುಮ್ಮನಾಯಿತು. ಬ್ಯಾಂಡಿನ ಇನ್ನೊಬ್ಬ ಹಾಡುಗಾರ ಮೈಕ್ ಶಿನೋಡಾ ಒಬ್ಬರೇ ಒಂದು ಆಲ್ಬಮ್ ಮಾಡಿದರು. ಬ್ಯಾಂಡಿನ ಹಳೆಯ ಆಲ್ಬಮ್ 'ಮೀಟಿಯೋರಾ'ಗೆ 20 ವರ್ಷ ತುಂಬಿದ್ದಕ್ಕೆ 2023ರಲ್ಲಿ ಚೆಸ್ಟರ್ ದನಿಯ ಹಳೆಯ ಹಾಡೊಂದನ್ನು ಹೊರತೆಗೆದರು. ಇನ್ನು ಹೀಗೆ ಹಳೆಯದನ್ನೇ ಹುಡುಕಿ ಹುಡುಕಿ ಕೊಡುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2024ರ ಸೆಪ್ಟೆಂಬರ್ 5ರಂದು ಬ್ಯಾಂಡ್ ಲೈವ್‌ನಲ್ಲಿ ಬಂತು, ನೋಡಿದರೆ ಡೆಡ್ ಸಾರಾ ಬ್ಯಾಂಡಿನ ಎಮಿಲಿ ಆರ್ಮ್‌ಸ್ಟ್ರಾಂಗ್ ಹಾಡುತ್ತಿದ್ದಾರೆ, ರಾಬ್ ಬೋರ್ಡನ್ ಜಾಗದಲ್ಲಿ ಕಾಲಿನ್ ಬ್ರಿಟನ್ ಡ್ರಮ್ಸ್ ಬಾರಿಸುತ್ತಿದ್ದಾರೆ. ನವೆಂಬರ್ 15ಕ್ಕೆ ಆಲ್ಬಮ್ ಬಂತು.

ನನ್ನ ದೋಸ್ತ ಒಬ್ಬ ಅವತ್ತೇ ಅಂದ, 'ಲೇ, ಚೆಸ್ಟರ್ ಇಲ್ಲಂದ್ರ ಹೆಸರಾದ್ರೂ ಬದಲ್ ಮಾಡ್ಕೋಬೇಕಿತ್ತಲ್ಲೋ.' ಬಹಳ ಜನರ ಸಿಟ್ಟು ಇದೇ, ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ನಮ್ಮ ಜಿಲ್ಲೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಇವತ್ತಿಗೂ ಭಜನೆಯವರು ತಮ್ಮ ತಮ್ಮ ಗಂಟಲಿಗೆ ತಕ್ಕ ಹಾಗೆ ಹಾಡುತ್ತಾರೆ. ಮುಂದೆ ಕೂತು ಹಾಡುವ ಹಿರಿಯರು ಹೋದರೆ ಮೇಳ ನಿಲ್ಲುವುದಿಲ್ಲ. ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಹಿಂದಿನವರು ಮರುಪಲ್ಲವಿ ಹಿಡಿಯುತ್ತಾರೆ. ಹಾಡನ್ನು ಉಳಿಸುವುದು ಆ ಕೊಟ್ಟು ತೆಗೆದುಕೊಳ್ಳುವಿಕೆ.

ಲಿಂಕಿನ್ ಪಾರ್ಕ್‌ನಲ್ಲೂ ಅಷ್ಟೇ. ಮೈಕ್ ರ‍್ಯಾಪ್ ಮಾಡುತ್ತಾ ಕಟ್ಟುತ್ತಾರೆ, ಇನ್ನೊಂದು ದನಿ ಬಂದು ಅದನ್ನು ಒಡೆಯುತ್ತದೆ. 2000ದ 'ಹೈಬ್ರಿಡ್ ಥಿಯರಿ'ಯಿಂದ ನಮ್ಮನ್ನು ಹಿಡಿದಿದ್ದು ಈ ಜಗ್ಗಾಟ. 'ಒನ್ ಮೋರ್ ಲೈಟ್'ನಲ್ಲಿ ಚೆಸ್ಟರ್ ಇದ್ದರು, ಜಗ್ಗಾಟ ಬಹುಮಟ್ಟಿಗೆ ಇರಲಿಲ್ಲ, ಗಿಟಾರ್ ಹಿಂದೆ ಸರಿದು ಅದು ಪಾಪ್ ಆಲ್ಬಮ್ ಆಗಿತ್ತು. 'ಫ್ರಮ್ ಝೀರೋ'ದಲ್ಲಿ ಆ ಜಗ್ಗಾಟ ವಾಪಸ್ ಬಂದಿದೆ. 'ದಿ ಎಂಪ್ಟಿನೆಸ್ ಮಷೀನ್' ಹಾಡನ್ನು ಗಮನಿಸಿ ಕೇಳಿ. ಮೊದಲ ಚರಣ, ಪಲ್ಲವಿ ಎರಡನ್ನೂ ಮೈಕ್ ಒಬ್ಬರೇ ಹಾಡುತ್ತಾರೆ, ಎಮಿಲಿ ಬರುವುದು ಎರಡನೇ ಚರಣಕ್ಕೆ. ಹೊಸಬರನ್ನು ತೋರಿಸುವ ಹಾಡಿನಲ್ಲೇ ಅವರನ್ನು ಅಷ್ಟು ಹೊತ್ತು ಕಾಯಿಸಿದ್ದು ಜಾಣತನ. ಹಳಬರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಆಮೇಲೆ ಬಾಗಿಲು ತೆಗೆಯುತ್ತಾರೆ.

ನನಗೆ ಹಿಡಿಸದ್ದು 'ಹೆವಿ ಈಸ್ ದಿ ಕ್ರೌನ್'. ಲೀಗ್ ಆಫ್ ಲೆಜೆಂಡ್ಸ್ ಗೇಮಿನ 2024ರ ವಿಶ್ವ ಚಾಂಪಿಯನ್‌ಶಿಪ್‌ಗೆ ಬಳಸಿದ ಹಾಡು. ನಡುವೆ ಎಮಿಲಿ ಉದ್ದಕ್ಕೆ ಕಿರುಚುತ್ತಾರೆ. 2007ರ 'ಗಿವನ್ ಅಪ್'ನಲ್ಲಿ ಚೆಸ್ಟರ್ 17 ಸೆಕೆಂಡು ಕಿರುಚಿದ್ದು ಗೊತ್ತಿರುವವರಿಗೆ ಇದು ಪರೀಕ್ಷೆ ಬರೆಸಿದ ಹಾಗೆ ಕೇಳಿಸುತ್ತದೆ. ಪಾಸಾಗಿದ್ದಾರೆ, ಅದರಲ್ಲಿ ಅನುಮಾನ ಇಲ್ಲ, ಆದರೆ ಬರೆಸುವ ಅಗತ್ಯ ಏನಿತ್ತು? 'ಟೂ ಫೇಸ್ಡ್' ಕೂಡ 2000ದ ಸುಮಾರಿಗೆ ಮಾಡಿ ಮರೆತ ಹಾಡಿನಂತಿದೆ, ಬ್ಯಾಂಡಿನ ಡಿಜೆ ಜೋ ಹಾನ್ ರೆಕಾರ್ಡ್ ತಿಕ್ಕಿ ಎಬ್ಬಿಸುವ ಸ್ಕ್ರ್ಯಾಚಿಂಗ್ ಸಮೇತ. ಖುಷಿ ಆಗುತ್ತದೆ ನಿಜ, ಹೊಸದೇನಿಲ್ಲ ಅನ್ನುವುದೂ ನಿಜ.

ಅವರು ಧೈರ್ಯ ಮಾಡಿದ್ದು 'ಕ್ಯಾಶುವಾಲ್ಟಿ' ಮತ್ತು 'ಓವರ್‌ಫ್ಲೋ'ನಲ್ಲಿ. ಮೊದಲನೆಯದರಲ್ಲಿ ಮೈಕ್ ಕೂಡ ಪಂಕ್ ಬ್ಯಾಂಡಿನವರ ಹಾಗೆ ಗಂಟಲು ಬಿಟ್ಟು ಕೂಗುತ್ತಾರೆ, ಅವರಿಂದ ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡನೆಯದು ನಿಧಾನ, ಕೆಳಗಿನಿಂದ ಬೇಸ್ ಉಬ್ಬಿ ಬರುತ್ತದೆ, ಯಾವ ಹಳೆಯ ಹಾಡನ್ನೂ ನೆನಪಿಸುವುದಿಲ್ಲ. ಇಂಥವು ಇನ್ನೂ ಎರಡು ಮೂರು ಇದ್ದಿದ್ದರೆ ಆಲ್ಬಮ್ ಬೇರೆಯೇ ಆಗುತ್ತಿತ್ತು. ಒಟ್ಟು 11 ಟ್ರ್ಯಾಕ್, ಅದರಲ್ಲಿ ಮೊದಲನೆಯದು ಬರೀ ಇಂಟ್ರೋ, ಎಲ್ಲ ಸೇರಿ ಹತ್ತಿರ ಹತ್ತಿರ 32 ನಿಮಿಷ. ಕಲಬುರಗಿಯಲ್ಲಿ ರೈಲು ಹತ್ತಿ ಹಚ್ಚಿದರೆ ವಾಡಿ ಜಂಕ್ಷನ್ ಹೊತ್ತಿಗೆ ಮುಗಿದಿರುತ್ತದೆ. ಏಳು ವರ್ಷ ಕಾದವರಿಗೆ ಇದು ಕಮ್ಮಿ ಅಲ್ವಾ? 2025ರ ಮೇ ತಿಂಗಳಲ್ಲಿ ಡಿಲಕ್ಸ್ ಅಂತ ಇನ್ನೂ ಮೂರು ಹಾಡು ಸೇರಿಸಿದರು, ನೀವು ಅದನ್ನೇ ಹಾಕಿಕೊಳ್ಳಿ.

ಇನ್ನೊಂದು ಮಾತು. ಎಮಿಲಿ ಹಳೆಯ ಹಾಡುಗಳನ್ನು ಹಾಡುವ ಲೈವ್ ವಿಡಿಯೋಗಳನ್ನು ಮೊದಲು ನೋಡಬೇಡಿ. ಅಲ್ಲಿ ನೀವು ಕೇಳುವುದು ಎಮಿಲಿಯನ್ನಲ್ಲ, ಚೆಸ್ಟರ್ ಇಲ್ಲದಿರುವುದನ್ನು. ಮೊದಲು ಆಲ್ಬಮ್, ಅದರಲ್ಲೂ 'ಓವರ್‌ಫ್ಲೋ', ಇಯರ್‌ಫೋನ್ ಹಾಕಿಕೊಂಡು. ಅದೂ ಹಿಡಿಸದಿದ್ದರೆ ಬಿಟ್ಟುಬಿಡಿ, 'ಮೀಟಿಯೋರಾ' ಎಲ್ಲಿಗೂ ಹೋಗಿಲ್ಲ.