ಮನೆಯಲ್ಲಿ ಮಾಡಿದ ಹಲಸಿನ ಹಪ್ಪಳ ಮಾರಲು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ: ಯಾವುದು ಒಳ್ಳೆಯದು?

ಕಾಪು ಹತ್ತಿರದವರು ನೀವು. ಅಮ್ಮ, ಅತ್ತಿಗೆ ಸೇರಿ ಹಲಸಿನ ಹಪ್ಪಳ ಮತ್ತು ಪುನರ್ಪುಳಿ (ಕೋಕಂ) ಸಿರಪ್ ಮಾಡುತ್ತಾರೆ, ಜಿಎಸ್‌ಟಿ ಇಲ್ಲ. ಈ ಮೂರರಲ್ಲಿ ಎಲ್ಲಿ ಕಮಿಷನ್ ಕಡಿಮೆ ಎಂದು ಕೇಳಿದ್ದೀರಿ. ಕಮಿಷನ್ ಆಮೇಲೆ ನೋಡುವ. ಮೊದಲು ಯೋಚಿಸಬೇಕಾದ್ದು, ನಿಮ್ಮ ಹಪ್ಪಳ ಕೊಳ್ಳುವವರು ಯಾವ ಊರಲ್ಲಿದ್ದಾರೆ ಎಂದು.

ಜಿಎಸ್‌ಟಿ ಇಲ್ಲದ ಸಣ್ಣ ಮಾರಾಟಗಾರರಿಗೂ 2023ರ ಅಕ್ಟೋಬರ್ 1ರಿಂದ ಇಂಥ ಆ್ಯಪ್‌ಗಳಲ್ಲಿ ಸರಕು ಮಾರಲು ಅವಕಾಶ ಸಿಕ್ಕಿದೆ. ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿರಬಾರದು. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು. ಆದರೆ ಸರಕು ರಾಜ್ಯದ ಗಡಿ ದಾಟುವಂತಿಲ್ಲ. ಬೀದರ್‌ಗೆ ಕಳಿಸಬಹುದು, ತಲಪಾಡಿ ದಾಟಿದರೆ ಸಿಗುವ ಮಂಜೇಶ್ವರಕ್ಕೆ ಕಳಿಸಲಾಗದು. ನಮ್ಮ ಕಡೆಯ ಹಪ್ಪಳಕ್ಕೆ ಕಾದು ಕೂತವರು ಮುಂಬಯಿಯಲ್ಲಿ ಎಷ್ಟು ಜನ ಇದ್ದಾರೆಂದು ನಿಮಗೇ ಗೊತ್ತು. ಅವರೆಲ್ಲ ಕೈತಪ್ಪುತ್ತಾರೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸಾಕು ಎನ್ನುವುದಾದರೆ ಮೀಶೋದಲ್ಲಿ ಆ ಎನ್‌ರೋಲ್‌ಮೆಂಟ್ ನಂಬರಿನಲ್ಲೇ ಖಾತೆ ತೆರೆಯಿರಿ. ಅಲ್ಲಿ ಕಮಿಷನ್ ಇಲ್ಲ, ನಿಜ. ಆದರೆ ಅಲ್ಲಿಗೆ ಬರುವ ಗಿರಾಕಿ ಮೊದಲು ನೋಡುವುದು ಬೆಲೆಯನ್ನು. ಮಿಷನ್ನಿನಲ್ಲಿ ಮಾಡಿದ ಉದ್ದಿನ ಹಪ್ಪಳದ ಪಕ್ಕದಲ್ಲಿ ನಿಮ್ಮದು ದುಬಾರಿಯಾಗಿ ಕಾಣುತ್ತದೆ. ಹಲಸಿನ ಹಪ್ಪಳವೇ ಬೇಕು ಎಂದು ಹೆಸರು ಹೊಡೆದು ಹುಡುಕುವವರಿಗೆ ಅಮೆಜಾನ್ ಮೇಲು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಜಿಎಸ್‌ಟಿ ಮಾಡಿಸಿಯೇ ಹೋಗಿ. ನೋಂದಣಿಗೆ ಸರಕಾರಿ ಶುಲ್ಕ ಇಲ್ಲ. ಕರೆಂಟ್ ಬಿಲ್ ಅಮ್ಮನ ಹೆಸರಲ್ಲಿದ್ದರೆ ಅವರದೊಂದು ಒಪ್ಪಿಗೆ ಪತ್ರ ಬೇಕಾಗುತ್ತದೆ. ನಿಜವಾದ ಹೊರೆ ರಿಟರ್ನ್ಸ್, ಅಂದರೆ ಜಿಎಸ್‌ಟಿ ಲೆಕ್ಕ ಸಲ್ಲಿಸುವುದು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ಇದೆ, ಆದರೆ ಒಂದು ಪ್ಯಾಕೆಟೂ ಮಾರದಿದ್ದರೂ ಸಲ್ಲಿಸಲೇಬೇಕು. ಶೂನ್ಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಹಪ್ಪಳದ ಮೇಲಿನ ಜಿಎಸ್‌ಟಿ ಶೂನ್ಯ. ಆ್ಯಪ್‌ನವರು ಕಮಿಷನ್, ಶಿಪ್ಪಿಂಗ್ ಎಂದು ಹಿಡಿಯುವ ಮೊತ್ತದ ಮೇಲೆ ಮಾತ್ರ ಶೇ. 18 ಜಿಎಸ್‌ಟಿ ಬೀಳುತ್ತದೆ. ನಿಮ್ಮ ಸರಕಿಗೆ ತೆರಿಗೆಯೇ ಇಲ್ಲದ ಕಾರಣ ಆ 18ನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಪಡೆಯಲಾಗುವುದಿಲ್ಲ. 250 ರೂಪಾಯಿಯ ಪ್ಯಾಕೆಟಿಗೆ ಎಲ್ಲ ಸೇರಿ 80 ರೂಪಾಯಿ ಹಿಡಿದರು ಎಂದಿಟ್ಟುಕೊಳ್ಳಿ. ಅದರ ಮೇಲೆ 14.40. ಪೌಚು, ಪೆಟ್ಟಿಗೆ, ಟೇಪಿಗೆ 15. ನಿಮ್ಮ ಕೈಗೆ ಉಳಿದದ್ದು ಸುಮಾರು 140. ಹಲಸು, ಉಪ್ಪು ಮೆಣಸು, ತಟ್ಟಿದವರ ಕೂಲಿ ಎಲ್ಲ ಇದರಲ್ಲೇ ಹುಟ್ಟಬೇಕು. ಕಮಿಷನ್ ದರ ಆಗಾಗ ಬದಲಾಗುತ್ತದೆ, ಹಾಗಾಗಿ ಬೆಲೆ ಇಡುವ ದಿನ ಆಯಾ ಆ್ಯಪ್‌ನ ಫೀ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ.

ಕಮಿಷನ್ನಿಗಿಂತ ಹೆಚ್ಚು ದುಡ್ಡು ತಿನ್ನುವುದು ಪೆಟ್ಟಿಗೆ. ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಕಿಲೋ ಹೆಚ್ಚೋ, ನಿಜ ತೂಕ ಹೆಚ್ಚೋ, ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜು. ಅಂಗಡಿಯಲ್ಲಿ ಸಿಕ್ಕಿದ 25×20×15ರ ಪೆಟ್ಟಿಗೆಯಲ್ಲಿ ಹಾಕಿ ಸುತ್ತ ಪೇಪರ್ ತುರುಕಿದರೆ ನಿಮ್ಮ ಹಪ್ಪಳ ಕೊರಿಯರ್ ಲೆಕ್ಕದಲ್ಲಿ ಒಂದೂವರೆ ಕಿಲೋ ಆಗುತ್ತದೆ. 15 ಸೆಂ.ಮೀ. ಅಗಲದ ಹಪ್ಪಳಕ್ಕೆ 17×17×8ರ ಪೆಟ್ಟಿಗೆ ಮಾಡಿಸಿದರೆ 462 ಗ್ರಾಂ, ಅಂದರೆ ಮೊದಲ 500 ಗ್ರಾಂನ ಸ್ಲ್ಯಾಬಿನ (ದರದ ಹಂತದ) ಒಳಗೇ. ಇದೇ ಕಾರಣಕ್ಕೆ ಅರ್ಧ ಕಿಲೋ ಪ್ಯಾಕ್ ಬೇಡ. ಪೆಟ್ಟಿಗೆ ಸೇರಿ 500 ದಾಟಿ ಮುಂದಿನ ಸ್ಲ್ಯಾಬಿಗೆ ಬೀಳುತ್ತದೆ. 400 ಗ್ರಾಂ ಮಾಡಿ. ಕಟ್ಟಿನ ಕೆಳಗೊಂದು ಮೇಲೊಂದು ರಟ್ಟು ಇಟ್ಟು, ಹಪ್ಪಳ ಅಲುಗಾಡದಂತೆ ಬಿಗಿಯಾಗಿ ಕೂರಿಸಿ. ಚೂರಾಗುವುದು ಬಿದ್ದದ್ದಕ್ಕಿಂತ ಒಳಗೆ ಜಾರಾಡಿದ್ದಕ್ಕೆ ಹೆಚ್ಚು. ತಕ್ಕಡಿಯ ಮೇಲಿಟ್ಟ ಪಾರ್ಸೆಲಿನ ಫೋಟೋ, ಟೇಪಿನಿಂದ ಅಳತೆ ಹಿಡಿದ ಫೋಟೋ ಎರಡೂ ಇಟ್ಟುಕೊಳ್ಳಿ, ತೂಕದ ತಕರಾರು ಬಂದಾಗ ಅದೇ ಸಾಕ್ಷಿ.

ಮಳೆಗಾಲದ ವಿಷಯ. ಬರೀ ಜಿಪ್ ಪೌಚನ್ನು ನಂಬಬೇಡಿ. ಬಿಸಿಲು ಇರುವ ಮೇ ತಿಂಗಳಲ್ಲೇ ಹೀಟ್ ಸೀಲರ್‌ನಲ್ಲಿ ಮುಚ್ಚಿಬಿಡಿ. ಜೂನ್ ಹತ್ತರ ಮೇಲೆ ಡಬ್ಬ ತೆರೆದು ಪ್ಯಾಕ್ ಮಾಡಿದರೆ ಹಪ್ಪಳ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ.

ಲೇಬಲ್ಲಿಗೂ ಹೀಗೆ ಮೇಯಲ್ಲೇ ಪ್ಯಾಕ್ ಮಾಡುವುದಕ್ಕೂ ಸಂಬಂಧ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳುವ ಪ್ರಕಾರ ಆನ್‌ಲೈನ್ ಆಹಾರ ಗಿರಾಕಿಯ ಕೈ ಸೇರುವಾಗ ಅದರ ಬಾಳಿಕೆಯ ಶೇ. 30 ಅಥವಾ 45 ದಿನ ಬಾಕಿ ಇರಬೇಕು. ಮೇ 15ಕ್ಕೆ ಪ್ಯಾಕ್ ಮಾಡಿ 6 ತಿಂಗಳು ಎಂದು ಬರೆದರೆ ಸೆಪ್ಟೆಂಬರ್ ಕೊನೆಗೇ ಮಾರಾಟ ನಿಲ್ಲುತ್ತದೆ, ದೀಪಾವಳಿಯ ಆರ್ಡರ್ ಹೋಗುತ್ತದೆ. ಹಾಗೆಂದು ದಿನಾಂಕ ತಿದ್ದಬೇಡಿ. ನಿಮ್ಮ ಹಪ್ಪಳ ನಿಜಕ್ಕೂ ಎಷ್ಟು ತಿಂಗಳು ಬಾಳುತ್ತದೆಂದು ಒಂದು ಸೀಸನ್ ಇಟ್ಟು ನೋಡಿ, ಅಷ್ಟೇ ಬರೆಯಿರಿ. ಎಫ್‌ಎಸ್‌ಎಸ್‌ಎಐ ನೋಂದಣಿ ಫಾಸ್ಕೋಸ್ ಪೋರ್ಟಲ್‌ನಲ್ಲಿ ಆಗುತ್ತದೆ, ಸಣ್ಣವರಿಗೆ ಬೇಸಿಕ್ ನೋಂದಣಿ ಸಾಕು. ಅದರ 14 ಅಂಕಿಯ ನಂಬರ್, ಎಂಆರ್‌ಪಿ, ನಿವ್ವಳ ತೂಕ, ಪದಾರ್ಥಗಳು, ನಿಮ್ಮ ವಿಳಾಸ, ದೂರಿಗೊಂದು ಫೋನ್ ನಂಬರ್ ಪ್ಯಾಕೆಟಿನ ಮೇಲೆ ಇರಲೇಬೇಕು. ಮನೆ ವಿಳಾಸ ಊರಿಗೆಲ್ಲ ಗೊತ್ತಾಗುತ್ತದೆ, ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇರಲಿ. ಇನಿಷಿಯಲ್ ಹೆಚ್ಚುಕಡಿಮೆಯಾದರೂ ಖಾತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಮುಂಬಯಿಯ ಗುರುತಿನವರಿಗೆ ಆ್ಯಪ್ ಬೇಕಾಗಿಯೇ ಇಲ್ಲ. ಬರೀ ಹಪ್ಪಳವನ್ನಷ್ಟೇ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಂಡು, ಯುಪಿಐಯಲ್ಲಿ ದುಡ್ಡು ಪಡೆದು, ಅಂಚೆಯಲ್ಲಿ ಕಳಿಸಿದರೆ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುವುದಿಲ್ಲ, ಅದು ತೆರಿಗೆ ಇಲ್ಲದ ಸರಕು. ಸಿರಪ್ ಹಾಗಲ್ಲ. ಅದಕ್ಕೆ ತೆರಿಗೆ ಇದೆ, ರಾಜ್ಯದ ಹೊರಗೆ ಒಂದು ಬಾಟ್ಲಿ ಮಾರಿದರೂ ನೋಂದಣಿ ಬೇಕು. ಮೇಲಾಗಿ ಬಾಟ್ಲಿ ಭಾರ, ಮುಚ್ಚಳ ಸಡಿಲಾದರೆ ಪಕ್ಕದವರ ಪಾರ್ಸೆಲೂ ಕೆಂಪಾಗುತ್ತದೆ. ಮೊದಲ ವರ್ಷ ಸಿರಪ್ಪನ್ನು ಉಡುಪಿ, ಮಣಿಪಾಲದ ಅಂಗಡಿಗಳಿಗೆ ಕೊಡಿ, ಆ್ಯಪ್‌ಗೆ ಹಪ್ಪಳ ಮಾತ್ರ ಹಾಕಿ.