ಕಬ್ಬಿನ ಗದ್ದೆಯ ನೆಂಟಸ್ತಿಕೆ

ಓದುಗರ ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಸಂಜೆ ಒಂದು ಆತ್ಮರಕ್ಷಣೆ ತರಗತಿಗೆ ಸೇರಿದ್ದಾಳೆ. ಕಾಜುಕೆಂಬೊ ಅಂತ ಹೆಸರು ಹೇಳುತ್ತಾರೆ. ಒಂದು ದಿನ ಕರಾಟೆ, ಒಂದು ದಿನ ಜೂಡೊ, ಇನ್ನೊಂದು ದಿನ ಬಾಕ್ಸಿಂಗ್. ನಮ್ಮ ತಂದೆ ಗರಡಿಯಲ್ಲಿ ಸಾಮು ಮಾಡಿದವರು. "ಇದೆಲ್ಲ ಕಲಬೆರಕೆ ವಿದ್ಯೆ, ಒಂದನ್ನಾದರೂ ನೆಟ್ಟಗೆ ಕಲಿಯಲಿ" ಅನ್ನುತ್ತಾರೆ. ನೀವೇನು ಹೇಳುತ್ತೀರಿ?
– ಒಬ್ಬ ತಂದೆ, ಮಂಡ್ಯ

ನಿಮ್ಮ ತಂದೆಯವರ ಮಾತು ನನಗೆ ಹೊಸದಲ್ಲ. ನನ್ನ ತಾತ ಮೈಸೂರಿನ ಒಂದು ಗರಡಿಯಲ್ಲಿ ಮೂವತ್ತು ವರ್ಷ ಮಣ್ಣು ಮೈಗೆ ಹಚ್ಚಿಕೊಂಡವರು. ನಾನು ಕರಾಟೆಗೆ ಸೇರಿದಾಗ ಸುಮ್ಮನಿದ್ದರು. ಆಮೇಲೆ ಜೂಡೊಗೂ ಹೊರಟಾಗ "ಎರಡು ದೋಣಿ ಮೇಲೆ ಕಾಲಿಡಬೇಡ ಮಗಳೇ" ಅಂದರು.

ಆದರೆ ಅದೇ ತಾತ ಗರಡಿಯ ಮಟ್ಟಿ ಹದ ಮಾಡುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಮೊದಲು ಕೆಮ್ಮಣ್ಣನ್ನು ಜರಡಿ ಹಿಡಿಯುತ್ತಿದ್ದರು. ಆಮೇಲೆ ಅದಕ್ಕೆ ತುಪ್ಪ, ಅರಿಶಿನ, ಕುಂಕುಮ, ನಿಂಬೆರಸ, ಕರ್ಪೂರ. ಬರೀ ಕೆಮ್ಮಣ್ಣಾದರೆ ಬಿದ್ದವನ ಮೈ ತರಚುತ್ತದೆ. ತುಪ್ಪ ಜಾಸ್ತಿಯಾದರೆ ಕಾಲು ಜಾರುತ್ತದೆ. ಒಂದು ಹಿಡಿ ಎತ್ತಿ ಉಂಡೆ ಕಟ್ಟುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿದಾಗ ಉಂಡೆ ಸದ್ದಿಲ್ಲದೆ ಉದುರಬೇಕು. ಉದುರಿದರೆ "ಹದ ಬಂತು" ಅನ್ನುತ್ತಿದ್ದರು. ಕಲಬೆರಕೆ ಬೇರೆ, ಹದ ಬೇರೆ. ನಾನದನ್ನು ಕಲಿತದ್ದು ಆ ಕಿಟಕಿಯಲ್ಲಿ.

ಈಗ ಕಾಜುಕೆಂಬೊ ವಿಷಯ. ಅದು ಹುಟ್ಟಿದ್ದು ಹವಾಯಿಯ ಹೊನೊಲುಲುವಿನಲ್ಲಿ, ಪಲಾಮಾ ಅನ್ನೋ ಬಡವರ ಕೇರಿಯಲ್ಲಿ. ಮಂಡ್ಯದವರಿಗೆ ಅದರ ಬೇರು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಆ ಬೇರು ಇರುವುದು ಕಬ್ಬಿನ ಗದ್ದೆಯಲ್ಲಿ. ನಿಮ್ಮ ಊರಿನ ಮೈಷುಗರ್ ಕಂಪನಿ ಶುರುವಾದದ್ದು 1933ರಲ್ಲಿ. ಹವಾಯಿಯಲ್ಲಿ ಅದಕ್ಕೂ ಬಹಳ ಮೊದಲೇ ದೊಡ್ಡ ದೊಡ್ಡ ಕಬ್ಬಿನ ತೋಟಗಳಿದ್ದವು. ಕಬ್ಬು ಕಡಿಯೋಕೆ ಆಳು ಸಾಲದೆ ಮಾಲೀಕರು ಹಡಗುಗಟ್ಟಲೆ ಜನ ತರಿಸಿದರು. 1852ರಲ್ಲಿ ಚೀನಾದಿಂದ, 1868ರಲ್ಲಿ ಜಪಾನಿನಿಂದ, 1903ರಲ್ಲಿ ಕೊರಿಯಾದಿಂದ, 1906ರಲ್ಲಿ ಫಿಲಿಪ್ಪೀನ್ಸ್‌ನಿಂದ ಮೊದಲ ತಂಡಗಳು ಬಂದಿಳಿದವು. ಗಂಟುಮೂಟೆಯ ಜೊತೆ ಅವರವರ ಊರಿನ ವರಸೆಯೂ ಬಂತು. ಜಪಾನಿನವರ ಜುಜುತ್ಸು, ಚೀನಾದವರ ಕುಂಗ್ ಫು, ಫಿಲಿಪ್ಪೀನ್ಸ್‌ನವರ ಎಸ್ಕ್ರಿಮಾ. ಎಸ್ಕ್ರಿಮಾ ಅಂದರೆ ಕೋಲು, ಚೂರಿಯ ವಿದ್ಯೆ. ನಮ್ಮ ದೊಣ್ಣೆವರಸೆ ನೋಡಿದವರಿಗೆ ಅದು ಅಪರಿಚಿತ ಅನ್ನಿಸುವುದಿಲ್ಲ. ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಇವರೆಲ್ಲ ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮನೆಯವರಾದರು.

ಪಲಾಮಾದಲ್ಲಿ ಹೊಡೆದಾಟ ದಿನಾ ಇದ್ದದ್ದೇ. 1947ರ ಹೊತ್ತಿಗೆ ಐದು ಜನ ಸೇರಿಕೊಂಡರು. ಏಡ್ರಿಯಾನೊ ಎಂಪೆರಾಡೊಗೆ ಕೆಂಪೊ ಅನ್ನೋ ಗುದ್ದು, ಒದೆತದ ವಿದ್ಯೆ ಮತ್ತು ಎಸ್ಕ್ರಿಮಾ ಬರುತ್ತಿತ್ತು. ಪೀಟರ್ ಚೂಗೆ ಕೊರಿಯಾದ ಕರಾಟೆ ಅನ್ನಿಸಿಕೊಂಡ ಟಾಂಗ್ ಸೂ ಡೊ ಮತ್ತು ಬಾಕ್ಸಿಂಗ್. ಜೋ ಹಾಲ್ಕ್ ಜೂಡೊದವರು, ಫ್ರಾಂಕ್ ಒರ್ಡೊನೆಜ್ ಜುಜುತ್ಸುವಿನವರು, ಕ್ಲಾರೆನ್ಸ್ ಚಾಂಗ್ ಕುಂಗ್ ಫುನವರು. ತಮ್ಮ ಗುಂಪಿಗೆ ಬ್ಲ್ಯಾಕ್ ಬೆಲ್ಟ್ ಸೊಸೈಟಿ ಅಂತ ಹೆಸರಿಟ್ಟುಕೊಂಡರು. ನನ್ನದು ದೊಡ್ಡದು, ನಿನ್ನದು ದೊಡ್ಡದು ಅನ್ನೋ ವಾದಕ್ಕೆ ಅವರು ಕೂರಲಿಲ್ಲ. ಒಬ್ಬರು ಮೇಲೆ ಬೀಳಬೇಕು, ಇನ್ನೊಬ್ಬರು ತಮ್ಮ ವಿದ್ಯೆಯಿಂದ ತಡೆಯಬೇಕು. ಕರಾಟೆಯವನ ಗುದ್ದು ಜೋರು ನಿಜ. ಆದರೆ ಜೂಡೊದವನು ಅಂಗಿ ಹಿಡಿದು ಮೈಗೆ ಮೈ ತಂದರೆ ಗುದ್ದೋಕೆ ಜಾಗವೇ ಇರುವುದಿಲ್ಲ. ಜೂಡೊದವನು ಅಂಗಿಗೆ ಕೈ ಚಾಚುವಷ್ಟರಲ್ಲಿ ಬಾಕ್ಸರ್‌ನ ಎರಡು ಏಟು ಬಿದ್ದಿರುತ್ತವೆ. ಬಾಕ್ಸರ್‌ನ ಮುಂದೆ ಕೋಲು ಹಿಡಿದವನು ಬಂದರೆ ಲೆಕ್ಕವೇ ಬೇರೆ. ಎಲ್ಲಿ ಒಂದು ವಿದ್ಯೆ ಸೋತಿತೋ ಅಲ್ಲಿ ಇನ್ನೊಂದರ ತುಂಡು ಕೂಡಿಸಿದರು. ಹೀಗೆ 1949ರವರೆಗೆ ನಡೆಯಿತು. ಕರಾಟೆಯ ಕಾ, ಜೂಡೊ ಮತ್ತು ಜುಜುತ್ಸುವಿನ ಜು, ಕೆಂಪೊದ ಕೆನ್, ಬಾಕ್ಸಿಂಗ್‌ನ ಬೊ. ಹೆಸರು ಬಂದದ್ದು ಹಾಗೆ. ಆಮೇಲೆ ಕೊರಿಯಾ ಯುದ್ಧ ಬಂತು. ಉಳಿದವರು ಸೈನ್ಯಕ್ಕೆ ಹೋದರು. ಎಂಪೆರಾಡೊ ಮತ್ತು ಅವರ ತಮ್ಮ ಜೋ ಪಲಾಮಾದಲ್ಲೇ ಕಲಿಸುತ್ತಾ ಉಳಿದರು.

ಈಗ ನಿಮ್ಮ ಮಗಳ ತರಗತಿಗೆ ಬರೋಣ. ಒಂದು ಬಲಗೈ ಗುದ್ದು ಬಂತು ಅಂದುಕೊಳ್ಳಿ. ಎಡಗೈಯಲ್ಲಿ ಅದನ್ನು ತಟ್ಟಿ ಪಕ್ಕಕ್ಕೆ ಸರಿಯುವುದು, ಅದೇ ಉಸಿರಲ್ಲಿ ಪಕ್ಕೆಗೊಂದು ಗುದ್ದು, ಬಂದ ತೋಳನ್ನೇ ಹಿಡಿದು ಅವನ ಕಾಲ ಹಿಂದೆ ಕಾಲಿಟ್ಟು ಕೆಡವುವುದು. ಇದರಲ್ಲಿ ಮೂರು ವಿದ್ಯೆ ಇದೆ, ಆದರೆ ನೋಡುವವರಿಗೆ ಒಂದೇ ಚಲನೆ. ಹೊಲಿಗೆ ಕಾಣಬಾರದು. ಸೋಮವಾರ ಕರಾಟೆ, ಬುಧವಾರ ಜೂಡೊ, ಶುಕ್ರವಾರ ಬಾಕ್ಸಿಂಗ್ ಅಂತ ಬೇರೆ ಬೇರೆ ಡಬ್ಬಿಯಲ್ಲೇ ಇಟ್ಟು ಕಲಿಸುತ್ತಿದ್ದರೆ ನಿಮ್ಮ ತಂದೆಯವರ ಮಾತೇ ಸರಿ. ಒಂದು ಸಂಜೆ ಹೋಗಿ ಕೂತು ನೋಡಿ. "ಸೋಮವಾರದ ಗುದ್ದು ಬುಧವಾರದ ಪಟ್ಟಿಗೆ ಎಲ್ಲಿ ಸೇರುತ್ತೆ?" ಅಂತ ಗುರುಗಳನ್ನು ಕೇಳಿ. ಬಾಯಲ್ಲಿ ಉತ್ತರ ಹೇಳಿದರೆ ಸಾಲದು, ಎದ್ದು ನಿಂತು ತೋರಿಸಬೇಕು. ಸಾಧ್ಯವಾದರೆ ನಿಮ್ಮ ತಂದೆಯವರನ್ನೂ ಕರೆದುಕೊಂಡು ಹೋಗಿ. ಪಟ್ಟು ಕೂತಿತೋ ಇಲ್ಲವೋ ಅಂತ ಗರಡಿಯವರ ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ಓದುಗರ ಪ್ರಶ್ನೆ: "ನೆಲದ ಮೇಲೆ ರಕ್ತ ಕಾಣಬೇಕು, ಆಗಲೇ ಅಭ್ಯಾಸ" ಅಂತ ನಮ್ಮ ಮಾಸ್ಟರ್ ಹೇಳುತ್ತಾರೆ. ಹೋದ ತಿಂಗಳು ಗೆಳೆಯನ ಮೂಗು ಒಡೆಯಿತು. ಇದು ಸರಿಯಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಆ ಮಾತು ಎಂಪೆರಾಡೊ ಅವರದ್ದು ಅಂತಲೇ ಪ್ರಸಿದ್ಧ. ಪಲಾಮಾದ ಅಭ್ಯಾಸ ಅಷ್ಟು ಕಠೋರವಾಗಿತ್ತು, ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅವರ ಬೀದಿ ಅಂಥದ್ದು. ಅವರ ತಮ್ಮ ಜೋ, ಅಷ್ಟು ಬಲ್ಲವರು, 1958ರಲ್ಲಿ ಚೂರಿ ಇರಿತದಿಂದಲೇ ತೀರಿಕೊಂಡರು. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದರೂ ನಾನು ಒಪ್ಪುವುದಿಲ್ಲ. ನಮ್ಮ ಊರಿನ ವಜ್ರಮುಷ್ಟಿ ಕಾಳಗವನ್ನೇ ನೋಡಿ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ನಿಲ್ಲುತ್ತಾರೆ. ತಲೆಯ ಮೇಲೆ ಮೊದಲ ಹನಿ ರಕ್ತ ಕಂಡ ತಕ್ಷಣ ಕಾಳಗ ನಿಂತುಹೋಗುತ್ತದೆ. ಅಲ್ಲಿ ರಕ್ತ ಬಂದರೆ ಮುಗಿಯಿತು ಅಂತ. ವರ್ಷಕ್ಕೊಂದು ಸಲ, ಪಳಗಿದವರ ನಡುವೆ, ದೇವರ ಹೆಸರಲ್ಲಿ ನಡೆಯುವುದು ಅದು. ವಾರಕ್ಕೆ ಮೂರು ಸಂಜೆ ಕಾಲೇಜು ಹುಡುಗರ ಮೇಲೆ ನಡೆಸುವಂಥದ್ದಲ್ಲ.

ನನಗೂ ಇಂಥದ್ದೇ ಆಗಿತ್ತು. ಇಪ್ಪತ್ತೆರಡು ವರ್ಷದವಳಿದ್ದಾಗ ಒಂದು ತರಗತಿಯಲ್ಲಿ ಚಾಪೆ ಹಾಸದೆ ಸಿಮೆಂಟ್ ನೆಲದ ಮೇಲೇ ಎತ್ತಿ ಹಾಕಿದರು. ಎಡಗಡೆ ಕೊರಳೆಲುಬು ಸೀಳಿತು. "ಸಹಿಸಿಕೋ, ಗಟ್ಟಿಯಾಗ್ತೀಯ" ಅಂದರು ಕಲಿಸುವವರು. ಆರು ವಾರ ಕೈ ಕೊರಳಿಗೆ ಕಟ್ಟಿಕೊಂಡು ಓಡಾಡಿದೆ. ಈಗಲೂ ಜಡಿಮಳೆ ಹಿಡಿದರೆ ಆ ಭುಜ ಸೆಳೆಯುತ್ತದೆ. ನಾನು ಅದರಿಂದ ಗಟ್ಟಿಯಾಗಲಿಲ್ಲ. ಒಂದು ವರ್ಷ ಬೀಳೋಕೇ ಹೆದರಿದೆ. ಬೀಳೋಕೆ ಹೆದರುವವರು ಏನೂ ಕಲಿಯಲಾರರು.

ಎದುರಾಳಿ ಸುಲಭವಾಗಿ ಬಿಟ್ಟುಕೊಡಬಾರದು, ಅಷ್ಟು ಮಾತ್ರ ನಿಜ. ಹಿಡಿದರೆ ನಿಜವಾಗಿ ಹಿಡಿಯಬೇಕು, ಎಳೆದರೆ ನಿಜವಾಗಿ ಎಳೆಯಬೇಕು. ಮೊದಲ ವಾರ ಅರ್ಧ ಬಲ, ಮೂರು ತಿಂಗಳಿಗೆ ಮುಕ್ಕಾಲು. ಪಲಾಮಾದಿಂದ ನಾನು ತೆಗೆದುಕೊಂಡದ್ದು ಅದನ್ನು. ಮೂಗು ಒಡೆಯುವುದನ್ನಲ್ಲ. ಮೂಗಿಗೆ, ಹಲ್ಲಿಗೆ ರಕ್ಷಣೆ ಇಲ್ಲದೆ ಗುದ್ದಾಡಿಸುವ ಜಾಗ ಬಿಟ್ಟುಬಿಡಿ.

ಇನ್ನೊಂದು ಮಾತು. ಕಾಜುಕೆಂಬೊ ಅನ್ನೋ ಹೆಸರನ್ನು ಚೀನೀ ಅಕ್ಷರಗಳಲ್ಲಿ ಬರೆದು ಬೇರೆ ಅರ್ಥವನ್ನೂ ಹೇಳುತ್ತಾರೆ: ಈ ಮುಷ್ಟಿಯ ದಾರಿಯಲ್ಲಿ ದೀರ್ಘಾಯುಷ್ಯ, ಸಂತೋಷ. ಒರ್ಡೊನೆಜ್ ಅವರು ಒಂದು ಪ್ರಾರ್ಥನೆಯನ್ನೂ ಬರೆದುಕೊಟ್ಟರು. ಗರಡಿಯಲ್ಲಿ ಹನುಮಂತನಿಗೆ ಕೈಮುಗಿದು ಮಟ್ಟಿಗೆ ಇಳಿಯುತ್ತಾರಲ್ಲ, ಆ ಭಾವವೇ. ರಕ್ತದ ಮಾತು ಹೇಳುವ ನಿಮ್ಮ ಮಾಸ್ಟರ್ ಇವೆರಡನ್ನೂ ಹೇಳಿಕೊಡಬೇಕಿತ್ತು.

ಓದುಗರ ಪ್ರಶ್ನೆ: ಬೇರೆ ಬೇರೆ ವಿದ್ಯೆ ಬೆರೆಸುವುದನ್ನು ಬ್ರೂಸ್ ಲೀ ಶುರು ಮಾಡಿದ್ದು ಅಲ್ವಾ?
– ಮದ್ದೂರಿನ ಓದುಗ

ಅಲ್ಲ. ಬ್ರೂಸ್ ಲೀ ತಮ್ಮ ದಾರಿಗೆ ಜೀತ್ ಕುನ್ ಡೊ ಅಂತ ಹೆಸರಿಟ್ಟದ್ದು 1967ರಲ್ಲಿ. ಪಲಾಮಾದವರು ಅದಕ್ಕೂ 20 ವರ್ಷ ಹಿಂದಿನವರು. ಅವರಿಗೂ ಮೊದಲು ಲಂಡನ್ನಿನಲ್ಲಿ ಬಾರ್ಟನ್ ರೈಟ್ ಅನ್ನೋ ಎಂಜಿನಿಯರ್ ಇದ್ದರು. ಜಪಾನಿನಲ್ಲಿ ಕೆಲಸ ಮಾಡಿ 1898ರಲ್ಲಿ ವಾಪಸ್ ಬಂದು, ಜುಜುತ್ಸು, ಬಾಕ್ಸಿಂಗ್, ಕೈಗೋಲಿನ ವಿದ್ಯೆ ಸೇರಿಸಿ ಬಾರ್ಟಿಟ್ಸು ಅಂತ ಕಲಿಸಿದರು. ಇಸ್ರೇಲಿನ ಆತ್ಮರಕ್ಷಣೆ ವಿದ್ಯೆ ಕ್ರಾವ್ ಮಗಾವನ್ನು ಕಟ್ಟಿದ ಇಮಿ ಲಿಖ್ಟೆನ್‌ಫೆಲ್ಡ್ ಒಳ್ಳೆಯ ಕುಸ್ತಿಪಟು, ಬಾಕ್ಸರ್. 1930ರ ದಶಕದಲ್ಲಿ ಬ್ರಾಟಿಸ್ಲಾವಾದ ಬೀದಿಗಳಲ್ಲಿ ಯಹೂದಿಗಳ ಮೇಲೆ ದಾಳಿಯಾದಾಗ ಅಖಾಡದ ನಿಯಮ ಬೀದಿಯಲ್ಲಿ ನಡೆಯುವುದಿಲ್ಲ ಅಂತ ಕಂಡುಕೊಂಡರು. ಎಲ್ಲರಿಗೂ ಪಾಠ ಕಲಿಸಿದ್ದು ಬೀದಿಯೇ.

ಓದುಗರ ಪ್ರಶ್ನೆ: ನನಗೆ 58 ವರ್ಷ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತೇನೆ. ಸರಗಳ್ಳತನದ ಸುದ್ದಿ ಓದಿದಾಗ ಭಯವಾಗುತ್ತದೆ. ಈ ವಯಸ್ಸಿನಲ್ಲಿ ಕಲಿಯೋಕೆ ಆಗುತ್ತಾ?
– ಗೃಹಿಣಿ, ಮೈಸೂರು

ಖಂಡಿತ ಆಗುತ್ತದೆ. ಸರದ ವಿಷಯ ಮೊದಲು ಹೇಳಿಬಿಡುತ್ತೇನೆ: ಕಿತ್ತುಕೊಳ್ಳೋಕೆ ಬಂದರೆ ಹೋಗಲಿ ಬಿಡಿ. ಸರ ಹಿಡಿದು ಜಗ್ಗಾಡಿದರೆ ಕತ್ತು ಕೊಯ್ಯುತ್ತದೆ, ನೀವು ನೆಲಕ್ಕೆ ಬೀಳುತ್ತೀರಿ. ವಾಕಿಂಗಿಗೆ ಸರ ಮನೆಯಲ್ಲೇ ಇಟ್ಟು ಬನ್ನಿ.

ಕೈ ಹಿಡಿದರೆ ಮಾತ್ರ ಬಿಡಿಸಿಕೊಳ್ಳಲೇಬೇಕು. ಇದನ್ನು ನಾನು ತಡವಾಗಿ ಕಲಿತೆ. 1996ರಲ್ಲಿ ಒಂದು ರಾತ್ರಿ ಬಸ್ ಕಾಯುತ್ತಿದ್ದೆ. ಆಗಲೇ ನನಗೆ ಕರಾಟೆಯಲ್ಲಿ ಕಂದು ಬೆಲ್ಟ್. ಪಕ್ಕದಿಂದ ಬಂದವನೊಬ್ಬ ಮಣಿಕಟ್ಟು ಹಿಡಿದು ಕತ್ತಲ ಕಡೆ ಎಳೆದ. ನನ್ನ ಕರಾಟೆ ಶುರುವಾಗುತ್ತಿದ್ದದ್ದು ಎದುರಾಳಿ ಎರಡು ಮಾರು ದೂರದಲ್ಲಿ ನಿಂತು ತಲೆಬಾಗಿದ ಮೇಲೆ. ಇವನು ಮೈಗೇ ಅಂಟಿಕೊಂಡಿದ್ದ. ನಾನು ಕೈಯನ್ನು ನೇರವಾಗಿ ಹಿಂದಕ್ಕೆ ಎಳೆದೆ. ಅವನಿಗೆ ನನಗಿಂತ ಬಲ ಜಾಸ್ತಿ, ಕೈ ಬರಲಿಲ್ಲ. ಬಸ್ಸಿನ ಕಂಡಕ್ಟರ್ ಒಬ್ಬರು ಕೂಗಿಕೊಂಡು ಓಡಿಬಂದದ್ದಕ್ಕೆ ಉಳಿದೆ. ಮಾರನೇ ವಾರವೇ ಜೂಡೊ ಸೇರಿದ್ದು.

ಈಗ ನಿಮ್ಮ ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ನೋಡಿ. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂಟಿ. ಹೆಬ್ಬೆರಳ ತುದಿ ಮತ್ತು ಬೆರಳ ತುದಿ ಕೂಡುವ ಜಾಗದಲ್ಲಿ ಒಂದು ಸಂದಿ ಇದೆ. ಬಾಗಿಲು ಅದೇ. ಮುಷ್ಟಿ ಕಟ್ಟಿ, ಮಣಿಕಟ್ಟಿನ ತೆಳ್ಳನೆ ಅಂಚನ್ನು ಆ ಸಂದಿಗೆ ತಿರುಗಿಸಿ. ಹಿಂದಕ್ಕೆ ಎಳೆಯಬೇಡಿ. ಕೈ ಹಿಡಿದವನ ಕಡೆಗೇ ಒಂದು ಹೆಜ್ಜೆ ಇಟ್ಟು, ನಿಮ್ಮ ಮೊಣಕೈಯನ್ನು ಮಡಿಸಿ ಅವನ ಮೊಣಕೈ ಹತ್ತಿರ ತನ್ನಿ. ಕೈ ತಾನಾಗೇ ಜಾರಿ ಬರುತ್ತದೆ. ಬಂದ ತಕ್ಷಣ ಜೋರಾಗಿ ಕಿರುಚಿ, ಜನ ಇರುವ ಕಡೆ ಹೋಗಿ, 112ಕ್ಕೆ ಫೋನ್ ಮಾಡಿ. ಕಾಜುಕೆಂಬೊದ ಮೂಲ ಪಾಠದಲ್ಲಿ ಇಂಥ ಹಿಡಿತಗಳಿಗೇ ಅಂತ 15 ತಂತ್ರಗಳಿವೆ, ಗುದ್ದಿಗೆ 21, ಚೂರಿಗೆ 15. ನಿಮಗೆ ಮೊದಲ ನಾಲ್ಕೈದು ಸಾಕು. ಯಜಮಾನರಿಗೆ ಗಟ್ಟಿಯಾಗಿ ಹಿಡಿಯೋಕೆ ಹೇಳಿ ದಿನಾ ಹತ್ತು ಸಲ ಬಿಡಿಸಿಕೊಳ್ಳಿ. ಅವರು ಪಾಪ ಅಂತ ಸಡಿಲ ಬಿಡಬಾರದು.

ಓದುಗರ ಪ್ರಶ್ನೆ: ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸ್ ಆಗುತ್ತಾ?
– ಉಪನ್ಯಾಸಕಿ, ಪಾಂಡವಪುರ

ತನ್ನ ಮೈ, ಇನ್ನೊಬ್ಬರ ಮೈ ಕಾಪಾಡಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಇದರ ಬಗ್ಗೆಯೇ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅವನು ಬಿದ್ದ, ನಿಮಗೆ ದಾರಿ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ ಹೊರಡಿ. ಬಿದ್ದವನಿಗೆ ಮತ್ತೆ ಒದೆಯುವುದನ್ನು ನಾನು ತರಗತಿಯಲ್ಲಿ ಕಲಿಸುವುದೇ ಇಲ್ಲ.

ಓದುಗರ ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನನಗೆ ಕುಸ್ತಿ ಇಷ್ಟ. ನಿಮ್ಮ ತರಗತಿಯಲ್ಲಿ ಗರಡಿಯ ಪಟ್ಟು ಕಲಿಸುತ್ತೀರಾ?
– ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಕಲಿಸುತ್ತೇನೆ ಕಂದಾ. ನನ್ನ ಕಾಲದಲ್ಲಿ ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಈಗ ದಸರಾ ಕುಸ್ತಿಯಲ್ಲೇ ಹುಡುಗಿಯರ ಜೋಡಿ ಇಳಿಯುತ್ತದೆ. ಅದನ್ನು ನೋಡೋಕೆ ನಾನು ತಪ್ಪದೆ ಹೋಗುತ್ತೇನೆ.

ಬಸ್ ಕಾಯುವಾಗ ನಡೆದದ್ದನ್ನು ನಾನು ಮನೆಯಲ್ಲಿ ಹೇಳಿದ್ದು ತಾತನಿಗೆ ಮಾತ್ರ. ಆಗ ಅವರಿಗೆ 78. ಏನೂ ಮಾತಾಡಲಿಲ್ಲ. ಜಗುಲಿಯಿಂದ ಎದ್ದು ಪಂಚೆ ಮೇಲೆ ಕಟ್ಟಿದರು, ಬಂದು ನನ್ನ ಕತ್ತಿನ ಹಿಂದೆ ಕೈ ಹಾಕಿ ಒತ್ತಿದರು. "ತಲೆ ಎಳೀಬೇಡ. ನನ್ನ ಮೊಣಕೈ ಎತ್ತು. ಎತ್ತಿದ ಕಡೆಯಿಂದ ನುಗ್ಗು" ಅಂದರು. ಮೊಣಕೈ ಎತ್ತಿದರೆ ಕಂಕುಳ ಕೆಳಗೆ ಒಂದು ಗವಿ ತೆರೆದ ಹಾಗೆ. ಮೊಣಕಾಲು ಬಗ್ಗಿಸಿ ನುಗ್ಗಿದರೆ ಅವರ ಬೆನ್ನ ಹಿಂದೆ ಇದ್ದೆ. ಆ ಸಂಜೆ ಇಪ್ಪತ್ತು ಸಲ ಮಾಡಿಸಿದರು. ಕೊನೆಯಲ್ಲಿ "ಇದನ್ನೂ ನಿನ್ನ ಜೂಡೊಗೆ ಸೇರಿಸ್ಕೋ" ಅಂದರು.

ನನ್ನ ತರಗತಿಯ ಮೊದಲ ಪಟ್ಟು ಅದೇ. ಅಮ್ಮನ ಜೊತೆ ಒಂದು ಭಾನುವಾರ ಬಾ. ಉಗುರು ಕತ್ತರಿಸಿಕೊಂಡು, ಜಡೆ ಬಿಗಿಯಾಗಿ ಕಟ್ಟಿಕೊಂಡು ಬಾ.